ಬಂದೂಕು ಆಮೇಲೆ, ಮೊದಲು ಗೊಂಬೆಯ ಮುಷ್ಟಿ ಅಳೆಯಿರಿ

ಪ್ರಶ್ನೆ: ಚಿಕ್ಕಂದಿನಲ್ಲಿ ಆಡಿದ ಫನ್‌ಸ್ಕೂಲ್ ಜಿ.ಐ. ಜೋ ಸೈನಿಕ ಗೊಂಬೆಗಳು ಅಟ್ಟದಲ್ಲಿ ಸಿಕ್ಕವು. ಮೂರೂಮುಕ್ಕಾಲು ಇಂಚಿನವು. ಒಂದಕ್ಕೂ ಬಂದೂಕಿಲ್ಲ. ಎಂ-ಸೀಲ್‌ನಲ್ಲಿ ಒಂದು ಎಕೆ-47 ಮಾಡಿ, ನಳಿಕೆಗೆ ಪೆನ್ನಿನ ರೀಫಿಲ್ ಅಂಟಿಸಿದೆ. ನಳಿಕೆ ಕಿತ್ತು ಬಂತು, ಬಣ್ಣ ಸಿಪ್ಪೆ ಏಳುತ್ತಿದೆ, ಕೈಗೆ ಹಿಡಿಸಲು ಹೋದರೆ ಗೊಂಬೆಯ ಹೆಬ್ಬೆರಳೇ ಮುರಿಯಿತು. ಎಲ್ಲಿ ತಪ್ಪಿದೆ?
– ಓದುಗರು, ಹುಬ್ಬಳ್ಳಿ

ಉತ್ತರ: ಹೆಬ್ಬೆರಳು ಮುರಿಯಿತು ಅಂತ ಓದಿ ನಿಜಕ್ಕೂ ಬೇಜಾರಾಯಿತು. ಈ ಗೊಂಬೆಗಳಲ್ಲಿ ಮೊದಲು ಹೋಗುವುದೇ ಅದು. ಹಳೇ ಪ್ಲಾಸ್ಟಿಕ್ ಬಗ್ಗುವುದಿಲ್ಲ, ಸೀದಾ ಮುರಿಯುತ್ತದೆ. ಹಾಗಾಗಿ ಬಂದೂಕಿನ ಚಂದ ಆಮೇಲೆ, ಮೊದಲು ಅದರ ಹಿಡಿ ಎಷ್ಟು ದಪ್ಪ ಇರಬೇಕು ಅಂತ ತಿಳಿದುಕೊಳ್ಳಿ.

ಇದಕ್ಕೆ ಒಂದು ಟೂತ್‌ಪಿಕ್ ಸಾಕು. ಚೂಪು ತುದಿಯನ್ನು ಮುಷ್ಟಿಯೊಳಗೆ ಮೆಲ್ಲಗೆ ತೂರಿಸಿ. ಬಿಗಿ ಅನಿಸಿದ ಕೂಡಲೇ, ಹೆಬ್ಬೆರಳು ಅಲುಗುವ ಮೊದಲೇ ನಿಲ್ಲಿಸಿ, ಅಲ್ಲಿ ಪೆನ್ಸಿಲ್ ಗುರುತು ಹಾಕಿ ಹೊರಗೆ ತೆಗೆಯಿರಿ. ಗುರುತಿನ ಜಾಗದಲ್ಲಿ ಕಡ್ಡಿ ಎಷ್ಟು ದಪ್ಪವೋ ಅದೇ ನಿಮ್ಮ ಅಳತೆ. ಇಡೀ ಕಡ್ಡಿ ಸಲೀಸಾಗಿ ಹೋಗಿಬಿಟ್ಟರೆ ಸ್ವಲ್ಪ ದಪ್ಪದ ಬಿದಿರು ಕಡ್ಡಿಯನ್ನು ಚೂಪು ಮಾಡಿಕೊಂಡು ನೋಡಿ. ಹಿಡಿಯನ್ನು ಇದಕ್ಕಿಂತ ಒಂದು ಕೂದಲಿನಷ್ಟು ಸಣ್ಣಗೆ ಮಾಡಿ, ಯಾಕೆಂದರೆ ಬಣ್ಣವೂ ದಪ್ಪ ಸೇರಿಸುತ್ತದೆ. ನಾನಂತೂ ಹೆಬ್ಬೆರಳು ತಾಗುವ ಜಾಗಕ್ಕೆ ಬಣ್ಣವನ್ನೇ ಹಚ್ಚುವುದಿಲ್ಲ.

ಇನ್ನು ಉದ್ದ. ಈ ಗೊಂಬೆಗಳು ಸುಮಾರು 1:18 ಅಳತೆಯವು. ನಿಜವಾದ ಎಕೆ-47 ಸುಮಾರು 870 ಮಿ.ಮೀ. ಉದ್ದ, 18ರಿಂದ ಭಾಗಿಸಿದರೆ 48 ಮಿ.ಮೀ. ಬರುತ್ತದೆ. ಪಕ್ಕದಿಂದ ತೆಗೆದ ಫೋಟೋ ಒಂದನ್ನು ಸರಿಯಾಗಿ 48 ಮಿ.ಮೀ. ಬರುವಂತೆ ಪ್ರಿಂಟ್ ಹಾಕಿಸಿ, ಕತ್ತರಿಸಲು ಅದೇ ನಿಮ್ಮ ನಕ್ಷೆ.

ಎಂ-ಸೀಲ್ ಒಳ್ಳೆಯದೇ, ಆದರೆ ತೆಳ್ಳಗೆ ಎಳೆದರೆ ಪಟಕ್ಕಂತ ಮುರಿಯುತ್ತದೆ. ಸಣ್ಣ ಉಬ್ಬುಗಳಿಗೆ ಮಾತ್ರ ಬಳಸಿ. ಬಂದೂಕಿನ ಮೈಗೆ ಅವಧಿ ಮುಗಿದ ಎಟಿಎಂ ಕಾರ್ಡ್‌ನಂಥದ್ದು ಇನ್ನೊಂದಿಲ್ಲ! ಎಲ್ಲ ಕಾರ್ಡೂ 0.76 ಮಿ.ಮೀ. ದಪ್ಪ, ಮೂರು ಪದರ ಸೇರಿದರೆ 2.28. ನಡುವಿನ ಪದರದಲ್ಲಿ ಇಡೀ ಬಂದೂಕಿನ ಆಕಾರ ಇರಲಿ, ಎರಡು ಬದಿಗೆ ಹಿಂಬದಿಯ ಮರದ ಭಾಗ, ನಡುವಿನ ಪೆಟ್ಟಿಗೆಯಂಥ ಭಾಗ, ಮುಂದಿನ ಮರದ ಹಿಡಿಕೆ ಇಷ್ಟೇ ಅಂಟಿಸಿ. ಮ್ಯಾಗಜೀನ್, ಅಂದರೆ ಕೆಳಗೆ ಬಾಗಿದ ಗುಂಡಿನ ಡಬ್ಬಿ, ಒಂದೇ ಪದರ ಇದ್ದರೂ ನಡೆಯುತ್ತದೆ, ಅದರ ಬಾಗು ಸರಿ ಬಂದರೆ ನೋಡಿದವರಿಗೆ ಎಕೆ ಅಂತ ಗೊತ್ತಾಗಿಬಿಡುತ್ತದೆ. ಟ್ಯಾಪ್ ಮಾಡಿ ಹಣ ಕಟ್ಟುವ ಕಾರ್ಡ್ ಬೇಡ, ಒಳಗೆ ಸಣ್ಣ ತಂತಿ ಸುತ್ತಿರುತ್ತದೆ, ಅಂಚಿನಲ್ಲಿ ಹೊರಗೆ ಬರುತ್ತದೆ. ಹಳೇ ಕಾರ್ಡೇ ಒಳ್ಳೆಯದು. ಅಂಟಿಸುವ ಮೊದಲು ಎರಡೂ ಕಡೆ ಮೇಲಿನ ಹೊಳಪು, ಪ್ರಿಂಟ್ ಎರಡನ್ನೂ ಸ್ಯಾಂಡ್‌ಪೇಪರಿನಿಂದ ಉಜ್ಜಿ ತೆಗೆಯಿರಿ. ಹಾಗೇ ಬಿಟ್ಟರೆ ಫೆವಿಕ್ವಿಕ್ ಹಿಡಿಯುವುದು ಮೇಲಿನ ಸಿಪ್ಪೆಯನ್ನು, ಆ ಸಿಪ್ಪೆ ಎದ್ದರೆ ಪದರವೂ ಎದ್ದು ಬರುತ್ತದೆ. ಉಜ್ಜುವಾಗ ನೀರು ಹಚ್ಚಿಕೊಳ್ಳಿ, ಆ ಪುಡಿ ಉಸಿರಿಗೆ ಹೋಗಬಾರದು. ಕತ್ತರಿಸುವಾಗ ಒಂದೇ ಏಟಿಗೆ ಒತ್ತಬೇಡಿ, ಐದಾರು ಸಲ ಹಗುರಾಗಿ ಗೀರಿ, ಆಮೇಲೆ ಬಗ್ಗಿಸಿದರೆ ತಾನಾಗೇ ಬಿಟ್ಟುಕೊಳ್ಳುತ್ತದೆ.

ರೀಫಿಲ್ ಕಿತ್ತು ಬಂದದ್ದು ನಿಮ್ಮ ತಪ್ಪಲ್ಲ. ಆ ಜಾತಿಯ ಪ್ಲಾಸ್ಟಿಕ್‌ಗೆ ಅಂಟೂ ಹಿಡಿಯುವುದಿಲ್ಲ, ಬಣ್ಣವೂ ಹಿಡಿಯುವುದಿಲ್ಲ. ಅದರ ಬದಲು ಇಯರ್‌ಬಡ್ ಕಡ್ಡಿ ತೆಗೆದುಕೊಳ್ಳಿ. 2022ರ ಜುಲೈಯಿಂದ ಪ್ಲಾಸ್ಟಿಕ್ ಕಡ್ಡಿಯ ಇಯರ್‌ಬಡ್ ನಿಷೇಧವಾಗಿದೆ ಅಲ್ವಾ, ಈಗ ಬರುವ ಕಾಗದದ ಕಡ್ಡಿ ನಮ್ಮ ಕೆಲಸಕ್ಕೆ ಇನ್ನೂ ಚೆನ್ನಾಗಿದೆ. ಹತ್ತಿಯನ್ನು ಪೂರ್ತಿ ಕತ್ತರಿಸಿ ಹಾಕಿ, ಕಡ್ಡಿಗೆ ತೆಳು ಫೆವಿಕ್ವಿಕ್ ಕುಡಿಸಿ. ಒಣಗಿದ ಮೇಲೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಉಜ್ಜಿ ಸಣ್ಣಗೆ ಮಾಡಬಹುದು. ಹತ್ತಿಗೆ ಮಾತ್ರ ಆ ಅಂಟು ಬೀಳಬಾರದು, ಬಿದ್ದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ. ಕಿಟಕಿ ತೆರೆದಿಟ್ಟುಕೊಂಡು ಮಾಡಿ.

ಬಣ್ಣಕ್ಕೆ ಹೊಳಪಿಲ್ಲದ ಕಪ್ಪು ಅಕ್ರಿಲಿಕ್ ಸಾಕು, ತೆಳ್ಳಗೆ ಎರಡು ಸಲ. ಒಂದು ದಿನ ಬಿಟ್ಟು 6ಬಿ ಪೆನ್ಸಿಲನ್ನು ಸ್ಯಾಂಡ್‌ಪೇಪರಿಗೆ ಉಜ್ಜಿ, ಬಂದ ಪುಡಿಯನ್ನು ಬೆರಳ ತುದಿಯಿಂದ ಅಂಚುಗಳಿಗೆ ತಿಕ್ಕಿ. ಕಪ್ಪು ಪ್ಲಾಸ್ಟಿಕ್ ನೋಡನೋಡುತ್ತಲೇ ಸವೆದ ಕಬ್ಬಿಣದಂತೆ ಕಾಣುತ್ತದೆ. ಸಿಲ್ವರ್ ಬಣ್ಣದಲ್ಲಿ ಈ ಕಳೆ ಬರುವುದಿಲ್ಲ.

ಕೈಗೆ ಹಿಡಿಸುವಾಗ ಗೊಂಬೆಯ ಮುಷ್ಟಿಯನ್ನು ಬಿಸಿನೀರಲ್ಲಿ ಅರ್ಧ ನಿಮಿಷ ಅದ್ದಿಡಿ. ಕುದಿಯುವ ನೀರು ಬೇಡ. ಹಿಡಿಯನ್ನು ಮುಂದಿನಿಂದ ಒತ್ತದೆ ಕೆಳಗಿನಿಂದ ಅಥವಾ ಮೇಲಿನಿಂದ ಜಾರಿಸಿ. ಮುರಿದ ಹೆಬ್ಬೆರಳಿನ ತುಂಡು ಸಿಕ್ಕಿದ್ದರೆ ಸುಮ್ನೆ ಎಸೆಯಬೇಡಿ, ಒಂದು ಡಬ್ಬಿಯಲ್ಲಿ ಎತ್ತಿಡಿ. ಅಂಟಿಸಿದರೆ ನೋಡಲು ಚೆನ್ನಾಗಿರುತ್ತದೆ, ಆದರೆ ಆ ಕೈಗೆ ಮತ್ತೆ ಬಂದೂಕು ಕೊಡಬೇಡಿ, ಇನ್ನೊಂದು ಕೈಗೆ ಕೊಡಿ.