ಬೆನ್ನಿನಿಂದ ನೀರು ತೆಗೆಯುವುದಕ್ಕೆ ಅಡ್ಡ ಬರಬೇಡಿ

ನಿಮ್ಮ ಹೆಸರು, ಊರು ಎರಡನ್ನೂ ಬಿಟ್ಟಿದ್ದೇವೆ. ಪತ್ರ ಸಿಕ್ಕ ದಿನವೇ ಫೋನಿನಲ್ಲಿ ಮಾತಾಡಿದ್ದೆವು. ಬೇರೆಯವರಿಗೂ ಬೇಕಾದೀತು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಎಚ್‌ಐವಿ ಇರುವ ನಿಮ್ಮ ಅಣ್ಣ ಅದನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಬಿಟ್ಟಿದ್ದರು. ವಾರಗಟ್ಟಲೆ ತಲೆನೋವು, ಆಮೇಲೆ ವಾಂತಿ, ಒಂದು ಎರಡಾಗಿ ಕಾಣುವುದು. ಮಿದುಳಿನ ಪೊರೆಗೆ ಕ್ರಿಪ್ಟೊಕಾಕಸ್ ಎಂಬ ಫಂಗಸ್ ತಗಲಿದೆ ಎಂದರು ಡಾಕ್ಟರು. ಎರಡು ಸಲ ಬೆನ್ನಿನಿಂದ ನೀರು ತೆಗೆದಾಯಿತು. ಮೂರನೆಯದಕ್ಕೆ ಸಹಿ ಕೇಳಿದಾಗ 'ಸೊಂಟ ಬಿದ್ದುಹೋಗುತ್ತೆ, ಬೇಡ' ಅಂತ ಚಿಕ್ಕಪ್ಪ ಹಟ ಹಿಡಿದರು.

ಚಿಕ್ಕಪ್ಪನವರಿಗೆ ಹೀಗೆ ಹೇಳಿ. ಬೆನ್ನುಹುರಿ ಸೊಂಟದ ಮೇಲುಭಾಗದಲ್ಲೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಮಿದುಳು, ಬೆನ್ನುಹುರಿ ಎರಡರ ಸುತ್ತಲೂ ಇರುವುದು ಒಂದೇ ನೀರು; ಅದು ದಿನಕ್ಕೆ ಸುಮಾರು ಅರ್ಧ ಲೀಟರ್ ಹುಟ್ಟಿ, ಅಷ್ಟೇ ರಕ್ತಕ್ಕೆ ಇಂಗಿಹೋಗಬೇಕು. ಈ ಫಂಗಸ್, ಬಚ್ಚಲ ಕಿಂಡಿಗೆ ಕಸ ಸಿಕ್ಕಿಕೊಂಡ ಹಾಗೆ, ಆ ದಾರಿಯನ್ನೇ ಮುಚ್ಚುತ್ತದೆ. ಒತ್ತಡ ಏರುತ್ತದೆ. ಕಣ್ಣು ಹೋಗುವುದು, ಪ್ರಜ್ಞೆ ತಪ್ಪುವುದು ಅದರಿಂದಲೇ. ಮೊದಲ ಸಲ ನೀರು ತೆಗೆದದ್ದು ಪರೀಕ್ಷೆಗೆ ಇರಬಹುದು, ಆಮೇಲಿನದು ಚಿಕಿತ್ಸೆ. ಒತ್ತಡ (ಸೂಜಿಗೆ ಜೋಡಿಸಿದ ಕೊಳವೆಯಲ್ಲಿ ನೀರು ಏರುವ ಎತ್ತರ) 25 ಸೆಂಟಿಮೀಟರ್ ದಾಟಿದ್ದರೆ ದಿನಾ ತೆಗೆಯಬೇಕಾಗಬಹುದು. ಪ್ರತಿ ಸಲ ಆ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಫಂಗಸ್ ಕೊಲ್ಲುವ ಆಂಫೊಟೆರಿಸಿನ್ ಎಷ್ಟೇ ಒಳ್ಳೆಯ ಔಷಧಿಯಾದರೂ ಒತ್ತಡವನ್ನು ಆ ಕ್ಷಣಕ್ಕೆ ಇಳಿಸುವುದಿಲ್ಲ.

'ಎಚ್‌ಐವಿ ಮಾತ್ರೆ ಯಾಕೆ ಇನ್ನೂ ಕೊಡ್ತಿಲ್ಲ, ನಿರ್ಲಕ್ಷ್ಯವೇ?' ಎಂದಿದ್ದೀರಿ. ಅಲ್ಲ, ಬೇಕೆಂತಲೇ ಕಾಯುತ್ತಿದ್ದಾರೆ. ಎಚ್‌ಐವಿ ಜೊತೆ ಇದೇ ರೋಗ ಬಂದವರ ಮೇಲೆ ಉಗಾಂಡಾ ಮತ್ತು ದಕ್ಷಿಣ ಆಫ್ರಿಕಾದಲ್ಲಿ ನಡೆದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಒಂದೆರಡು ವಾರದಲ್ಲೇ ಎಆರ್‌ಟಿ ಶುರುಮಾಡಿದವರಲ್ಲಿ ಆರು ತಿಂಗಳೊಳಗೆ ನೂರಕ್ಕೆ 45 ಜನ ತೀರಿಕೊಂಡರು. ಸುಮಾರು ಐದು ವಾರ ಕಾದವರಲ್ಲಿ 30. ಅದಕ್ಕೇ ಈಗ 4ರಿಂದ 6 ವಾರ ತಡೆಯುತ್ತಾರೆ.

ಮಕ್ಕಳಿಗೆ ಅಂಟುತ್ತದೆ ಅನ್ನುವ ಭಯ ಬಿಡಿ. ಇದು ಪಾರಿವಾಳದ ಹಿಕ್ಕೆಯಲ್ಲಿ, ಮಣ್ಣಿನಲ್ಲಿ ಇರುವಂಥದ್ದು, ಉಸಿರಿನ ಜೊತೆ ಒಳಗೆ ಹೋಗುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ಮೊದಲು ನೋಡಿದ ಡಾಕ್ಟರು ಮೈಗ್ರೇನ್ ಎಂದರು ಅನ್ನುವ ನಿಮ್ಮ ಸಿಟ್ಟು ನ್ಯಾಯವೇ. ಆದರೆ ಈ ರೋಗ ಮೋಸಗಾರ. ರೋಗನಿರೋಧಕ ಶಕ್ತಿ ಕುಸಿದ ಮೈಯಲ್ಲಿ ಜ್ವರ ಜೋರಾಗಿ ಬರದೇ ಇರಬಹುದು, ಕುತ್ತಿಗೆ ಸೆಟೆಯದೇ ಇರಬಹುದು. ಎಚ್‌ಐವಿ ಇದೆ ಅಂತ ಆ ಡಾಕ್ಟರಿಗೆ ನೀವು ಹೇಳಿರಲಿಲ್ಲ ಅಲ್ವಾ? ಹೇಳಲು ಹೆದರಿಕೆ ಯಾಕೆ ಅಂತ ನನಗೂ ಗೊತ್ತು. 2017ರ ಎಚ್‌ಐವಿ ಕಾಯ್ದೆ ಗುಟ್ಟು ಕಾಪಾಡಬೇಕು ಎನ್ನುತ್ತದೆ, ಆದರೆ ಕಾಯ್ದೆಯ ಮೇಲೆ ನಂಬಿಕೆ ಬರಲು ಹೊತ್ತು ಬೇಕು. ಸಿಡಿ4 (ರೋಗನಿರೋಧಕ ಶಕ್ತಿ ಎಷ್ಟಿದೆ ಎಂದು ತೋರಿಸುವ ರಕ್ತಕಣಗಳ ಲೆಕ್ಕ) ನೂರಕ್ಕಿಂತ ಕಡಿಮೆ ಇದ್ದವರಿಗೆ ಒಂದು ಸಣ್ಣ ರಕ್ತಪರೀಕ್ಷೆಯಿಂದ, ತಲೆನೋವು ಬರುವ ಮೊದಲೇ, ಈ ಫಂಗಸ್ ಪತ್ತೆಮಾಡಬಹುದು. ಟಿಬಿ, ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿ ಕೂಡ ಇದೇ ಥರ ತಲೆಗೆ ಏರುತ್ತವೆ. ಹಾಗಾಗಿ ಸ್ಕ್ಯಾನ್‌ಗೂ ಬೇಡ ಅನ್ನಬೇಡಿ.

ಮಾತ್ರೆ ಬಿಟ್ಟಿದ್ದಕ್ಕೆ ಬೈಯುತ್ತಾರೆ ಅಂತ ಅಣ್ಣ ಎಆರ್‌ಟಿ ಸೆಂಟರಿಗೆ ಹೋಗಲು ಹಿಂಜರಿದರೆ ನೀವೇ ಜೊತೆಗೆ ಹೋಗಿ. ಔಷಧಿ ಉಚಿತ. ಸಂದೇಹವಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ. ಮನೆಗೆ ಬಂದಮೇಲೆ ಫಂಗಸ್ ತಡೆಯುವ ಫ್ಲುಕೊನಜೋಲ್ ಮಾತ್ರೆಯನ್ನು ಕನಿಷ್ಠ ಒಂದು ವರ್ಷ ತೆಗೆದುಕೊಳ್ಳಬೇಕು. ತಲೆನೋವು ಹೋಯಿತು ಅಂತ ನಿಲ್ಲಿಸಿದರೆ ಮರುಕಳಿಸುತ್ತದೆ. ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಸಿಡಿ4 ನೋಡಿ ಡಾಕ್ಟರೇ ಹೇಳಲಿ.

— ಸಂಪಾದಕ