ಚಿತ್ರಕಲಾವಿದೆ ಕೇಟೆ ಕೋಲ್ವಿಟ್ಸ್ ಬಣ್ಣ ಬಿಟ್ಟು ಅಚ್ಚುಚಿತ್ರಗಳತ್ತ ತಿರುಗಿದ್ದೇಕೆ?

ಬಾಗಲಕೋಟೆ ಜಿಲ್ಲೆಯ ಇಳಕಲ್, ಗುಳೇದಗುಡ್ಡಗಳ ಮಗ್ಗದ ಸದ್ದು ಕೇಳುತ್ತ ಬೆಳೆದವರಿಗೆ ಜರ್ಮನಿಯ ಈ ಕಲಾವಿದೆ (1867–1945) ಅಷ್ಟೇನೂ ದೂರದವರಲ್ಲ. 1844ರಲ್ಲಿ ಆಗಿನ ಪ್ರಶ್ಯಾ ರಾಜ್ಯದ ಸೈಲೀಸಿಯಾ ಪ್ರಾಂತ್ಯದಲ್ಲಿ ನಡೆದ ನೇಕಾರರ ದಂಗೆಯನ್ನು ಕುರಿತ ಅವರ ಸರಣಿಯಲ್ಲಿ ಮೂರು ಕಲ್ಲಚ್ಚುಗಳೂ ಲೋಹದ ತಗಡಿನಿಂದ ತೆಗೆದ ಮೂರು ಅಚ್ಚುಗಳೂ ಇವೆ. ಕಾಯಿಲೆಬಿದ್ದ ಮಗುವಿನ ಮುಂದೆ ತಾಯಿ ತಲೆ ಹಿಡಿದು ಕುಳಿತಿರುವ, ಮಗ್ಗವೇ ಕೋಣೆಯನ್ನು ತುಂಬಿರುವ ಮೊದಲ ಚಿತ್ರವನ್ನು ನಮ್ಮ ನೇಕಾರರಿಗೆ ಯಾರೂ ವಿವರಿಸಬೇಕಾಗಿಲ್ಲ. ಒಂದೇ ಅಚ್ಚಿನಿಂದ ಹಲವು ಪ್ರತಿಗಳು ದೊರೆಯುವುದರಿಂದ ಬೆಲೆ ಇಳಿದು, ಚಿತ್ರವು ಸಿರಿವಂತರ ಗೋಡೆಯಾಚೆಗೂ ತಲುಪುತ್ತದೆ. ಕೋಲ್ವಿಟ್ಸ್ ಅವರ ಕಿರಿಯ ಮಗ ಪೀಟರ್ 1914ರಲ್ಲಿ ಮೊದಲ ಮಹಾಯುದ್ಧದಲ್ಲಿ ಮಡಿದನು. ಮುಂದೆ ಅವರು ಕೊರೆದ ‘ಯುದ್ಧ’ ಎಂಬ ಏಳು ಮರದಚ್ಚುಗಳ ಪೈಕಿ ಒಂದರಲ್ಲಿ ತಾಯಂದಿರು ಮಕ್ಕಳನ್ನು ನಡುವೆ ಅಡಗಿಸಿಕೊಂಡು ಒಬ್ಬರನ್ನೊಬ್ಬರು ತಬ್ಬಿ ನಿಂತಿದ್ದಾರೆ. ತೈಲವರ್ಣಕ್ಕೆ ಅಲ್ಲಿನ ದಟ್ಟ ಕಪ್ಪು ದಕ್ಕುತ್ತಿರಲಿಲ್ಲವೆಂದು ನನ್ನ ಅನಿಸಿಕೆ.