‘ಗಾಡಿ ಬಿಟ್ಟೈತ್ರೀ’ ಅನ್ನದೆ ಕೆಲಸ ನಡೆಯುತ್ತಾ?

ಪ್ರಶ್ನೆ: ಅಕ್ಕಾವ್ರೇ, ನಾನು ಉದ್ಯಮಬಾಗಿನ ಒಂದು ಫೌಂಡ್ರಿಯಲ್ಲಿ, ಅಂದರೆ ಎರಕದ ಕಾರ್ಖಾನೆಯಲ್ಲಿ, ಸೂಪರ್‌ವೈಸರ್. ಈಚೆಗೆ ಬುದ್ಧನ ಅಷ್ಟಾಂಗ ಮಾರ್ಗದ ಬಗ್ಗೆ ಓದಿ, ‘ಸಮ್ಯಕ್ ವಾಚಾ’, ಅಂದರೆ ಸರಿಯಾದ ಮಾತು, ಪಾಲಿಸಬೇಕು ಅಂತ ಹೊರಟಿದ್ದೇನೆ. ಮನೆಯಲ್ಲಿ ಹೇಗೋ ನಡೆಯುತ್ತದೆ, ಕೆಲಸದಲ್ಲಿ ಆಗುತ್ತಿಲ್ಲ. ಹುಡುಗರಿಗೆ ಜೋರು ಮಾಡಲೇಬೇಕು. ಮಾಲು ತಯಾರಿಲ್ಲದಿದ್ದರೂ ಗಿರಾಕಿಗೆ ‘ಗಾಡಿ ಬಿಟ್ಟೈತ್ರೀ’ ಅನ್ನಬೇಕು. ಚಹಾದ ಹೊತ್ತಿಗೆ ರಾತ್ರಿ ಪಾಳಿಯವರ ಚಾಡಿ ಇದ್ದದ್ದೇ. ಸುಮ್ನೆ ಬಾಯಿ ಮುಚ್ಚಿಕೊಂಡು ಇದ್ದುಬಿಡಲಾ?
— ಒಬ್ಬ ಓದುಗ, ಬೆಳಗಾವಿ

ಉತ್ತರ: ಬಾಯಿ ಮುಚ್ಚಿಕೊಂಡರೆ ಸೂಪರ್‌ವೈಸರ್ ಕೆಲಸ ಯಾರು ಮಾಡ್ತಾರೆ ತಮ್ಮಾ? ಬುದ್ಧ ಬಿಡಿ ಅಂದದ್ದು ಸುಳ್ಳು, ಚಾಡಿ, ಒರಟು ಮಾತು, ಕಾಡುಹರಟೆ, ಈ ನಾಲ್ಕನ್ನು. ಮಾತನ್ನೇ ಬಿಡಿ ಅಂದಿಲ್ಲ. ಧ್ಯಾನದ ಶಿಬಿರ ಮುಗಿಸಿ ಬಂದು ಯಾರ ಜೊತೆಗೂ ಮಾತಾಡದೆ ಮನೆಮಂದಿಯ ಜೀವ ತಿನ್ನುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಮೊದಲು ಗಾಡಿ ವಿಷಯ. ನಾನೂ ಬಹಳ ವರ್ಷ ಉದ್ಯಮಬಾಗಿನಲ್ಲೇ ಡಿಸ್ಪ್ಯಾಚ್ ಟೇಬಲ್ಲಿನಲ್ಲಿ ಕೂತವಳು. ಆ ಮಾತು ಯಾಕೆ ಹುಟ್ಟುತ್ತದೆ ಅಂತ ಗೊತ್ತು. ಅತ್ತ ಕಡೆಯವರ ಬೈಗುಳ ಇವತ್ತಿನ ಮಟ್ಟಿಗೆ ತಪ್ಪುತ್ತದೆ, ಅಷ್ಟೇ. ಆದರೆ ನಿಮ್ಮ ಮಾತು ನಂಬಿ ಅವರು ಮಷೀನ್ ಖಾಲಿ ಇಟ್ಟುಕೊಂಡು ಕೂತಿರುತ್ತಾರೆ. ನಾಳೆ ‘ಗಾಡಿ ನಂಬರ್ ಕೊಡ್ರಿ’ ಅಂತಾರೆ. ಆಗ ಕೊಲ್ಹಾಪುರದ ಹತ್ತಿರ ಟೈರ್ ಪಂಕ್ಚರ್ ಆಗಬೇಕು! ಅದರ ಬದಲು ಹೀಗೆ ಹೇಳಿ: ‘ಮಾಲು ಇನ್ನೂ ಫೆಟ್ಲಿಂಗ್‌ನಾಗ ಐತ್ರೀ. ನಾಳೆ ಮಧ್ಯಾಹ್ನ ಲೋಡ್ ಆಗ್ತೈತಿ. ಅರ್ಧ ಮಾಲು ಇವತ್ತ ಬೇಕಂದ್ರ ಕಳಸ್ತೀನಿ.’ (ಫೆಟ್ಲಿಂಗ್ ಅಂದರೆ ಎರಕದ ಅಂಚು ಕೆರೆದು ನಯ ಮಾಡುವ ಕೆಲಸ.) ಬೈಯುತ್ತಾರೆ, ಬೈಯಲಿ. ಮಜ್ಝಿಮ ನಿಕಾಯ ಅನ್ನುವ ಉಪದೇಶ ಸಂಗ್ರಹದಲ್ಲಿ ಬುದ್ಧ ಅಭಯ ರಾಜಕುಮಾರನಿಗೆ ಹೇಳಿದ್ದೂ ಇದನ್ನೇ. ಮಾತು ನಿಜವಾಗಿರಬೇಕು, ಉಪಯೋಗಕ್ಕೆ ಬರಬೇಕು. ಅಂಥ ಮಾತು ಕೇಳುವವನಿಗೆ ಹಿಡಿಸದಿದ್ದರೂ ಹೊತ್ತು ನೋಡಿ ಹೇಳಬಹುದು. ಸುಳ್ಳಾದರೆ, ಎಷ್ಟೇ ಸಿಹಿಯಾಗಿದ್ದರೂ ಬೇಡ. ಮಾಲಕರು ಹಟ ಹಿಡಿದರೆ ‘ನೀವ ಮಾತಾಡ್ರಿ ಸಾಹೇಬ್ರ’ ಅಂತ ಫೋನು ಅವರ ಕೈಗೇ ಕೊಡಿ. ನಗುತ್ತಾ ಕೊಡಿ. ಬುದ್ಧನ ಹೆಸರು ಮಾತ್ರ ಅಲ್ಲಿ ಎತ್ತಬೇಡಿ.

ಇನ್ನು ಜೋರು ಮಾಡುವುದು. ಕಾದ ಲೋಹ ತುಂಬಿದ ಲ್ಯಾಡಲ್ (ದೊಡ್ಡ ಸೌಟು) ಬರುವಾಗ ‘ಏ, ಸರಿಯೋ!’ ಅಂತ ಕಿರುಚಿದರೆ ಅದು ಒರಟು ಮಾತಲ್ಲ. ಅಲ್ಲಿ ಮೆಲ್ಲಗೆ ಮಾತಾಡುವವನೇ ಅಪಾಯ. ಆದರೆ ಕಾಸ್ಟಿಂಗ್‌ನಲ್ಲಿ ಬ್ಲೋ ಹೋಲ್ (ಗಾಳಿ ಸಿಕ್ಕಿ ಆಗುವ ತೂತು) ಬಂದಾಗ ‘ನಿಮ್ಮಪ್ಪ ಇದನ್ನ ಕಲಿಸ್ಯಾನೇನು?’ ಅಂದರೆ, ಎಷ್ಟೇ ತಣ್ಣಗೆ ಅಂದರೂ, ಅದು ಒರಟೇ. ಹುಡುಗನಿಗೆ ಅಪ್ಪನ ನೆನಪಾಗುತ್ತದೆ, ಬ್ಲೋ ಹೋಲ್ ಮತ್ತೆ ಬರುತ್ತದೆ. ‘ಅಚ್ಚಿನ ಉಸುಕಿನಾಗ ನೀರ ಜಾಸ್ತಿ ಆಗೈತಿ, ಮುಷ್ಟಿಯಾಗ ಹಿಡದ ನೋಡು’ ಅಂದು ತೋರಿಸಿ. ಅದೂ ಹತ್ತು ಜನರ ಎದುರು ಬೇಡ, ಬದಿಗೆ ಕರೆದು.

ಚಾಡಿ ಹಳೆಯ ರೋಗ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಕಾಳಿ ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನಗಳು ಸಿಕ್ಕಿದ್ದು ಕೇಳಿರುತ್ತೀರಿ. ಅವುಗಳಲ್ಲಿ 12ನೆಯದು ಮಾತಿನ ಹಿಡಿತದ ಬಗ್ಗೆ: ತನ್ನ ಪಂಥವನ್ನು ಹೊಗಳಿಕೊಂಡು ಬೇರೆಯವರದನ್ನು ಸುಮ್ನೆ ಹಳಿಯಬೇಡಿ ಅಂತ. ಪಂಥದ ಜಾಗದಲ್ಲಿ ಪಾಳಿ ಇಟ್ಟು ನೋಡಿ, ನಿಮ್ಮ ಚಹಾದಂಗಡಿಗೆ ಸರಿಯಾಗಿ ಹೊಂದುತ್ತದೆ.

ಬುದ್ಧ ತನ್ನ ಮಗ ರಾಹುಲನಿಗೆ, ಮಾತಾಡುವ ಮೊದಲು, ಮಾತಾಡುವಾಗ, ಆಮೇಲೆ, ಮೂರೂ ಸಲ ಯೋಚಿಸು ಅಂದಿದ್ದ. ನಮ್ಮಂಥವರಿಗೆ ‘ಮಾತಾಡುವಾಗ’ ಅನ್ನುವುದೇ ಹೆಚ್ಚು ಅನುಕೂಲ. ಬಾಯಿಂದ ಅರ್ಧ ಬಂದಿದ್ದರೂ ಅಲ್ಲೇ ನಿಲ್ಲಿಸಬಹುದು. ‘ಇರ್ಲಿ ಬಿಡ್ರಿ’ ಅಂದು ಕ್ರಿಕೆಟ್ ಸುದ್ದಿ ತೆಗೆಯಿರಿ. ಅದು ಕಾಡುಹರಟೆ ಹೌದು, ಆದರೆ ಯಾರ ಹೊಟ್ಟೆ ಮೇಲೂ ಹೊಡೆಯುವುದಿಲ್ಲ. ಒಂದು ಕಡೆ ಮಾತ್ರ ಮಾತು ತಿರುಗಿಸಬೇಡಿ: ಕೆಟ್ಟ ಮಾಲಿನ ರಿಜೆಕ್ಷನ್ ಪೂರ್ತಿ ರಾತ್ರಿ ಪಾಳಿಯವನ ತಲೆಗೆ ಕಟ್ಟುತ್ತಿದ್ದು, ಅಂದು ಉಸುಕಿನ ಮಿಕ್ಸರ್ ಕೆಟ್ಟಿತ್ತು ಅಂತ ನಿಮಗೆ ಗೊತ್ತಿದ್ದರೆ, ಮಾಲಕರ ಎದುರಿಗೇ ಹೇಳಿ.